ಟೆಲಿಫೋನ್ ಡೈರೆಕ್ಟರಿಯಲ್ಲಿ ಸಿಕ್ಕ ಗುರು

1941ರ ಹಾಲಿವುಡ್ ಚಿತ್ರ ‘ಹೆಲ್ಝಾಪಾಪಿನ್’ನಲ್ಲಿ ನಾಲ್ಕು ಜೋಡಿಗಳ ಕುಣಿತವೊಂದಿದೆ. ಅಡುಗೆಯವರ, ಮನೆಗೆಲಸದವರ ವೇಷ ತೊಟ್ಟ ಎಂಟು ಜನ ಆಫ್ರಿಕನ್ ಅಮೆರಿಕನ್ ಯುವಕ ಯುವತಿಯರು. ಹುಡುಗ ತನ್ನ ಜೊತೆಗಾರ್ತಿಯನ್ನು ಬೆನ್ನ ಮೇಲಿಂದ ಹೊರಳಿಸುತ್ತಾನೆ, ಅವಳು ಗಾಳಿಯಲ್ಲಿ ಒಂದು ಸುತ್ತು ತಿರುಗುತ್ತಾಳೆ, ಪಾದ ನೆಲ ಮುಟ್ಟುವುದು ಡ್ರಮ್ಮಿನ ಪೆಟ್ಟು ಬೀಳುವ ಕ್ಷಣಕ್ಕೇ. ನಿಧಾನಗತಿಯಲ್ಲಿ ಓಡಿಸಿ ನೋಡಿದರೂ ಆ ಲೆಕ್ಕ ತಪ್ಪುವುದಿಲ್ಲ. ಸ್ವಿಂಗ್ ನೃತ್ಯಗಳಿಗೆಲ್ಲ ತಾಯಿಬೇರಾದ ಲಿಂಡಿ ಹಾಪ್ ಅನ್ನು ಇವತ್ತು ಕಲಿಸುವವರಲ್ಲಿ ಈ ತುಣುಕು ನೋಡದವರು ಸಿಗುವುದು ಕಷ್ಟ. ಆದರೆ ಚಿತ್ರದ ಹೆಸರುಪಟ್ಟಿಯಲ್ಲಿ ಆ ಎಂಟು ಹೆಸರುಗಳಿಲ್ಲ. ಇರುವುದು ‘ಹಾರ್ಲೆಮ್ ಕಾಂಗೆರೂ ಡಾನ್ಸರ್ಸ್’ ಎಂಬ ಗುಂಪಿನ ಹೆಸರು. ನ್ಯೂಯಾರ್ಕಿನಲ್ಲಿ ಜನ ಅವರನ್ನು ಬಲ್ಲದ್ದು ಆ ಹೆಸರಿನಿಂದಲೂ ಅಲ್ಲ. ಅಲ್ಲಿ ಅವರು ‘ವೈಟೀಸ್ ಲಿಂಡಿ ಹಾಪರ್ಸ್’. ಚಿತ್ರವೊಂದನ್ನೇ ದಾಖಲೆಯೆಂದು ಹಿಡಿದು ಹೊರಟವರಿಗೆ ದಾರಿ ಅಲ್ಲೇ ಮುಚ್ಚುತ್ತದೆ.

ತಡಸದಲ್ಲಿ ಕೂತು ನಾನು ಇದರ ಬೆನ್ನು ಹತ್ತಿದ್ದಕ್ಕೆ ಕಾರಣವಿದೆ. ಶಿಗ್ಗಾವಿ, ಹಾನಗಲ್ ಸೀಮೆಯಲ್ಲಿ ದೊಡ್ಡಾಟ ಕಲಿಸಿದ ಮಾಸ್ತರರ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ. ಆಟದ ಪದ, ಮಾತು ಕೈಬರಹದ ಪ್ರತಿಗಳಲ್ಲಿ ಉಳಿದಿವೆ, ಕೆಲವು ಅಚ್ಚೂ ಆಗಿವೆ. ಹೆಜ್ಜೆ ಮಾತ್ರ ಯಾವ ಪ್ರತಿಯಲ್ಲೂ ಇಲ್ಲ. ಸುಗ್ಗಿ ಮುಗಿದ ಮೇಲೆ ರಾತ್ರಿಗಳಲ್ಲಿ ನಡೆಯುವ ತಾಲೀಮಿನಲ್ಲಿ ಮಾಸ್ತರ ತಾಳ ಕುಟ್ಟುತ್ತ ಕಾಲು ತಿದ್ದುತ್ತಾನೆ. ಆ ತಿದ್ದುಪಡಿ ಒಬ್ಬನ ಮೈಯಿಂದ ಇನ್ನೊಬ್ಬನ ಮೈಗೆ ಹೋಗುತ್ತದೆ, ಕಾಗದಕ್ಕೆ ಬರುವುದೇ ಇಲ್ಲ. ಹಾಗಿದ್ದರೆ ಕಲಿಸುವವರ ಪರಂಪರೆಯನ್ನು ಯಾವ ಆಧಾರದ ಮೇಲೆ ಕಟ್ಟುವುದು? ಇದೇ ಪ್ರಶ್ನೆಯನ್ನು ನಾನು ಬೇರೆ ನೆಲದಲ್ಲಿ, ಸಾಕ್ಷಿಗಳು ಇನ್ನಷ್ಟು ದಟ್ಟವಾಗಿರುವ ಕಡೆ ಪರೀಕ್ಷಿಸಬೇಕೆನಿಸಿತು. ಲಿಂಡಿ ಹಾಪ್‌ಗೆ ಸಿನಿಮಾ ತುಣುಕುಗಳಿವೆ, ಪತ್ರಿಕೆಗಳಿವೆ, ಕುಣಿದವರ ಆತ್ಮಕಥೆಗಳಿವೆ. ಅವೆಲ್ಲ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಓದುತ್ತ ಹೋದಂತೆ ತಿಳಿಯಿತು.

ಬಹುಕಾಲ ಎಲ್ಲರೂ ಆಧರಿಸಿದ ಗ್ರಂಥ ಮಾರ್ಷಲ್ ಮತ್ತು ಜೀನ್ ಸ್ಟರ್ನ್ಸ್ ದಂಪತಿಯ ‘ಜಾಝ್ ಡಾನ್ಸ್’. 1966ರಲ್ಲಿ ಮಾರ್ಷಲ್ ತೀರಿಕೊಂಡರು, ಪುಸ್ತಕ 1968ರಲ್ಲಿ ಹೊರಬಂತು. ಅದರಲ್ಲಿ ಲಿಂಡಿ ಹಾಪ್ ಹುಟ್ಟಿದ ಕಥೆ ಹೀಗಿದೆ. 1928ರ ಜೂನ್‌ನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಮ್ಯಾನ್‌ಹಟನ್ ಕ್ಯಾಸಿನೊದಲ್ಲಿ ನೃತ್ಯದ ಮ್ಯಾರಥಾನ್. ಹಗಲು ರಾತ್ರಿ ನಿಲ್ಲದೆ ಕುಣಿಯುವ ಪಂದ್ಯ. ಜಾರ್ಜ್ ಸ್ನೋಡನ್ ಎಂಬ ಗಿಡ್ಡ ಆಳು, ಎಲ್ಲರ ಬಾಯಲ್ಲಿ ‘ಶಾರ್ಟಿ’, ಜೊತೆಗಾರ್ತಿಯ ಕೈ ಬಿಟ್ಟು ಅವಳನ್ನು ಆಚೆ ತೂರಿ ತಾನೊಬ್ಬನೇ ನಾಲ್ಕು ಹೆಜ್ಜೆ ಹಾಕಿದ. ಸುದ್ದಿಚಿತ್ರದವರು ಅವನ ಕಾಲನ್ನು ಚಿತ್ರಿಸಿಕೊಂಡು ಇದೇನು ಎಂದು ಕೇಳಿದಾಗ ‘ಲಿಂಡಿ’ ಎಂದ. ಹಿಂದಿನ ವರ್ಷವಷ್ಟೇ ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ಹಾರಿ ದಾಟಿದ್ದ.

ಕಥೆ ಅಂದವಾಗಿದೆ. ಇದನ್ನು ಹೇಳಿದ್ದು ಸ್ನೋಡನ್ ಸ್ವತಃ, ಘಟನೆ ನಡೆದು ದಶಕಗಳು ಕಳೆದ ಮೇಲೆ. ಲಿಂಡ್‌ಬರ್ಗ್ ಪ್ಯಾರಿಸ್ಸಿನಲ್ಲಿ ಇಳಿದದ್ದು 1927ರ ಮೇ 21ರಂದು. ಅದೇ ವಾರ ಪಿಟ್ಸ್‌ಬರ್ಗಿನ ಪತ್ರಿಕೆಯೊಂದು ‘ಲಿಂಡಿ ಹಾಪ್’ ಎಂಬ ಹೆಸರಿನ ನೃತ್ಯವನ್ನು ಪ್ರಸ್ತಾಪಿಸಿದೆ. ಎಂದರೆ ಹೆಸರು ಮ್ಯಾರಥಾನ್‌ಗಿಂತ ಒಂದು ವರ್ಷ ಹಳೆಯದು. ಇದರಿಂದ ಸ್ನೋಡನ್ ಸುಳ್ಳು ಹೇಳಿದ ಎಂದಾಗುವುದಿಲ್ಲ. ಪೇಟೆಯಲ್ಲಿ ಆಗಲೇ ಓಡಾಡುತ್ತಿದ್ದ ಹೆಸರು ತನ್ನ ಹೆಜ್ಜೆಗೆ ಅಂಟಿದ್ದನ್ನು ಅವನು ಹೇಳುತ್ತಿದ್ದಿರಬಹುದು. ಹೆಸರಿನ ಹುಟ್ಟು ಬೇರೆ, ಹೆಜ್ಜೆಯ ಹುಟ್ಟು ಬೇರೆ ಎಂದು ಇವೆರಡನ್ನು ಬಿಡಿಸಿ ಇಟ್ಟ ಮೇಲೆ ಪ್ರಶ್ನೆ ಸ್ಪಷ್ಟವಾಗುತ್ತದೆ.

ಹೆಜ್ಜೆಗೆ ಸಾಕ್ಷಿ ಏನು? 1929ರ ‘ಆಫ್ಟರ್ ಸೆಬೆನ್’ ಎಂಬ ಕಿರುಚಿತ್ರದಲ್ಲಿ ಸ್ನೋಡನ್ ಕುಣಿಯುವುದನ್ನು ಇವತ್ತೂ ನೋಡಬಹುದು. ಜೋಡಿ ಬಿಡಿಸಿಕೊಳ್ಳುವುದು, ಮತ್ತೆ ಸೇರುವುದು, ನಡುವೆ ಮಂಜಿನ ಮೇಲೆ ಜಾರಿದಂತೆ ಸಡಿಲಾಗುವ ಅವನ ಮೊಣಕಾಲು. ಇದು ನೆನಪಲ್ಲ, ಆ ಕಾಲದ್ದೇ ಚಿತ್ರ. ಆದ್ದರಿಂದ 1929ರ ಹೊತ್ತಿಗೆ ಹೆಜ್ಜೆ ಇತ್ತು ಎಂಬುದರಲ್ಲಿ ಅನುಮಾನವಿಲ್ಲ. ಒಬ್ಬನೇ ಕಂಡುಹಿಡಿದ ಎಂಬ ಮಾತಿಗೆ ಮಾತ್ರ ಆ ಚಿತ್ರ ಆಧಾರವಾಗುವುದಿಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯಕ್ಕೆ ಹಾರ್ಲೆಮ್ ನರ್ತಕರ ಕುರಿತು ಮಹಾಪ್ರಬಂಧ ಸಲ್ಲಿಸಿದ ಹಾರ್ರಿ ಹೈನಿಲಾ ಇಲ್ಲಿ ನೆರವಿಗೆ ಬರುತ್ತಾರೆ. ಮ್ಯಾರಥಾನ್ ಜೂನ್ 17ರಂದು ಶುರುವಾಗಿ ಜುಲೈ ಮೊದಲ ವಾರದಲ್ಲಿ ಆರೋಗ್ಯಾಧಿಕಾರಿಗಳ ಆದೇಶದಿಂದ ನಿಂತದ್ದನ್ನು ಅವರು ಆ ಕಾಲದ ವರದಿಗಳಿಂದ ಜೋಡಿಸಿದರು. ಅದರ ಜೊತೆಗೆ ಇನ್ನೊಂದು ಹೆಸರನ್ನೂ ಮೇಲೆತ್ತಿದರು: ಮ್ಯಾಟಿ ಪರ್ನೆಲ್. ಮ್ಯಾರಥಾನ್‌ನಲ್ಲಿ ಸ್ನೋಡನ್ನನ ಜೊತೆ ಕುಣಿದವಳು. ಜೋಡಿ ನೃತ್ಯದಲ್ಲಿ ಒಬ್ಬರು ಕೈಬಿಟ್ಟರೆ ಇನ್ನೊಬ್ಬರೂ ತಾಳ ಹಿಡಿದು ತಮ್ಮಷ್ಟಕ್ಕೆ ಕುಣಿಯಲೇಬೇಕು. ಇಲ್ಲವಾದರೆ ಅದು ಹೆಜ್ಜೆಯಾಗುವುದಿಲ್ಲ, ಮುಗ್ಗರಿಕೆಯಾಗುತ್ತದೆ. ಸ್ನೋಡನ್‌ನನ್ನು ಮೂಲಪುರುಷ ಎನ್ನುವವರು ಪರ್ನೆಲ್‌ಳನ್ನೂ ಅಲ್ಲೇ ನಿಲ್ಲಿಸಬೇಕು. ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಎರಡನೆಯ ತಕರಾರು ಜೊತೆಗಾರ್ತಿಯನ್ನು ಗಾಳಿಯಲ್ಲಿ ತಿರುಗಿಸುವ ಗಾಳಿಹೆಜ್ಜೆಯದು. ನರ್ತಕ ಫ್ರಾಂಕಿ ಮ್ಯಾನಿಂಗ್ 2007ರಲ್ಲಿ ಸಿಂಥಿಯಾ ಮಿಲ್‌ಮನ್ ಜೊತೆ ಬರೆದ ಆತ್ಮಕಥೆಯಲ್ಲಿ ಹೇಳುವ ಪ್ರಕಾರ, 1935ರಲ್ಲಿ ಹಾರ್ಲೆಮ್‌ನ ಸವಾಯ್ ಬಾಲ್‌ರೂಮಿನ ಪೈಪೋಟಿಯಲ್ಲಿ ಚಿಕ್ ವೆಬ್ ಬ್ಯಾಂಡ್ ನುಡಿಸುತ್ತಿದ್ದಾಗ ಫ್ರೀಡಾ ವಾಷಿಂಗ್ಟನ್‌ಳನ್ನು ಬೆನ್ನ ಮೇಲಿಂದ ದಾಟಿಸಿದ್ದು ಮೊದಲ ಗಾಳಿಹೆಜ್ಜೆ. ಎದುರಾಳಿ ಅದೇ ಶಾರ್ಟಿ ಸ್ನೋಡನ್, ಜೊತೆಗೆ ‘ಬಿಗ್ ಬಿಯಾ’ ಎಂಬ ಎತ್ತರದ ಹೆಣ್ಣುಮಗಳು. ಆಕೆ ಕುಣಿತದ ಕೊನೆಗೆ ಶಾರ್ಟಿಯನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದದ್ದೇ ಫ್ರಾಂಕಿಗೆ ಈ ಯೋಚನೆ ಕೊಟ್ಟಿತು. ಆದರೆ ಸ್ಟರ್ನ್ಸ್ ದಂಪತಿಯ ಪುಸ್ತಕ ತೆರೆದರೆ ಇಂಥ ಹೆಜ್ಜೆಗಳ ಶ್ರೇಯ ಇನ್ನೊಬ್ಬ ನರ್ತಕ ಆಲ್ ಮಿನ್ಸ್ ಮತ್ತು ಅವನ ಜೊತೆಗಾರರಿಗೆ ಹೋಗಿದೆ, ಫ್ರಾಂಕಿಗಲ್ಲ.

ಯಾರನ್ನು ನಂಬುವುದು? ಪುಸ್ತಕ ಫ್ರಾಂಕಿಯ ಆತ್ಮಕಥೆಗಿಂತ 39 ವರ್ಷ ಮೊದಲಿನದು, ಘಟನೆಗೆ ಹೆಚ್ಚು ಸಮೀಪ. ಸಾಮಾನ್ಯ ನಿಯಮದಂತೆ ಅದಕ್ಕೇ ತೂಕ ಹೆಚ್ಚು. ಆದರೆ ಸ್ಟರ್ನ್ಸ್ ದಂಪತಿಗೆ ಮಾಹಿತಿ ಕೊಟ್ಟವರಲ್ಲಿ ಮುಖ್ಯರು ಯಾರು ಎಂದು ನೋಡಿದರೆ ಅದೇ ಆಲ್ ಮಿನ್ಸ್ ಮತ್ತು ನರ್ತಕ ಲಿಯಾನ್ ಜೇಮ್ಸ್. ಮಿನ್ಸ್ ಹುಟ್ಟಿದ್ದು 1920ರ ಜನವರಿಯಲ್ಲಿ. 1935ರಲ್ಲಿ ಅವನಿಗೆ 15 ವರ್ಷ. ಅವನು ಹಾರ್ವೆಸ್ಟ್ ಮೂನ್ ಬಾಲ್ ಸ್ಪರ್ಧೆ ಗೆದ್ದದ್ದು 1938ರಲ್ಲಿ. ತಾನು ಬಂದ ಮೇಲೆ ಕಂಡದ್ದನ್ನು, ತಾನು ಸೇರಿಸಿದ್ದನ್ನು ಅವನು ಪ್ರಾಮಾಣಿಕವಾಗಿಯೇ ಹೇಳಿರಬಹುದು. ಹೇಳಿಕೆಯೊಂದನ್ನು ತೂಗುವಾಗ ಹೇಳಿದವರು ಯಾರು ಎಂಬಷ್ಟೇ ಮುಖ್ಯ, ಕೇಳಿದವರು ಯಾರ ಮನೆ ಬಾಗಿಲು ತಟ್ಟಿದ್ದರು ಎಂಬುದು. ಫ್ರಾಂಕಿಯ ಕಡೆಗೆ ತಕ್ಕಡಿ ವಾಲಲು ಇನ್ನೊಂದು ಕಾರಣವಿದೆ: ಅವನು ಹಕ್ಕು ಸಾಧಿಸುವುದು ಸಣ್ಣ ಜಾಗದ ಮೇಲೆ. ರಂಗದ ಮೇಲೆ ಹೆಂಗಸರನ್ನು ಎತ್ತಿ ಕುಣಿಸುವುದು ಮೊದಲೇ ಇತ್ತು. ಲಿಂಡಿ ಹಾಪ್‌ನ ನಡುವೆ, ಸಂಗೀತದ ಲಯ ಬಿಡದೆ ಮಾಡಿದ್ದಷ್ಟೇ ತನ್ನದು ಎನ್ನುತ್ತಾನೆ. ಆದರೂ ಇದು ಒಬ್ಬ ವೃದ್ಧ 72 ವರ್ಷದ ನಂತರ ಹೇಳಿದ ಮಾತು ಎಂಬುದನ್ನು ಪಕ್ಕಕ್ಕೆ ಬರೆದಿಟ್ಟುಕೊಂಡೇ ಒಪ್ಪಬೇಕು.

ನಡುವೆ ಒಂದು ಅಡ್ಡದಾರಿ ನನ್ನನ್ನು ಎಳೆಯಿತು. ಆಗ ತಡಸ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಆ ಬೊಂಬಾಯಿಯ ತಾಜ್ ಹೋಟೆಲಿಗೆ 1935ರಲ್ಲಿ ಲಿಯಾನ್ ಆಬಿ ಎಂಬ ಆಫ್ರಿಕನ್ ಅಮೆರಿಕನ್ ಪಿಟೀಲುವಾದಕ ತನ್ನ ಬ್ಯಾಂಡ್ ಕರೆತಂದ. ಅವನ ಹಿಂದೆ ಬಂದ ಪಿಯಾನೊವಾದಕ ಟೆಡ್ಡಿ ವೆದರ್‌ಫೋರ್ಡ್ ಈ ದೇಶದಲ್ಲೇ ಉಳಿದು 1945ರಲ್ಲಿ ಕಲ್ಕತ್ತದಲ್ಲಿ ಕಾಲರಾಕ್ಕೆ ತುತ್ತಾದ. ಇವರ ಸಂಗೀತವನ್ನು ಅರಗಿಸಿಕೊಂಡ ಗೋವೆಯ ವಾದಕರಲ್ಲಿ ಒಬ್ಬ ‘ಚಿಕ್ ಚಾಕೊಲೇಟ್’. ‘ಅಲ್ಬೇಲಾ’ ಚಿತ್ರದ ಹಾಡುಗಳಲ್ಲಿ ನಮ್ಮ ಹಿರಿಯರು ಕೇಳಿದ ಆ ಕಹಳೆ ಅವನ ಬಳಗದ್ದು. ಸಂಗೀತ ಹುಬ್ಬಳ್ಳಿಯಿಂದ ಒಂದು ರಾತ್ರಿಯ ರೈಲು ದೂರಕ್ಕೆ ಬಂದಿತ್ತು ಎಂದ ಮೇಲೆ ನೃತ್ಯದ ಗುರುಗಳೂ ಬಂದಿರಬೇಕು ಎಂದುಕೊಳ್ಳುವ ಆಸೆಯಾಗುತ್ತದೆ. ಆದರೆ ಬ್ಯಾಂಡ್ ಬಂದದ್ದು ಬ್ಯಾಂಡಿಗಷ್ಟೇ ಪುರಾವೆ. ವಾದಕ ಹಡಗು ಹತ್ತಿದರೆ ರಾಗ ಜೊತೆಗೆ ಬರುತ್ತದೆ. ಹೆಜ್ಜೆ ಬರಲು ಕುಣಿಯುವವರೇ ಬರಬೇಕು. ಈ ಎಳೆಯನ್ನು ಅಲ್ಲಿಗೇ ಕಡಿದು ಹಾರ್ಲೆಮ್‌ಗೆ ಮರಳಿದೆ.

ಅಲ್ಲಿ ಗುರುಗಳು ಗುರುಗಳಾದ ಬಗೆ ಕೇಳುವಂತಿದೆ. ಸವಾಯ್ ತೆರೆದದ್ದು 1926ರ ಮಾರ್ಚ್ 12ರಂದು, ಲೆನಾಕ್ಸ್ ಅವೆನ್ಯೂದಲ್ಲಿ, 140 ಮತ್ತು 141ನೇ ಬೀದಿಗಳ ನಡುವೆ. ಕರಿಯರು ಬಿಳಿಯರು ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ ಜಾಗ. ಅದರ ಹಿಂಬದಿಯ ಮನೆಯಲ್ಲಿ ನಾರ್ಮಾ ಮಿಲ್ಲರ್ ಬೆಳೆದಳು. ಕಿಟಕಿಯಾಚೆಯಿಂದ ಕೇಳುವ ಸಂಗೀತಕ್ಕೆ ಬೀದಿಯಲ್ಲಿ ಕುಣಿಯುತ್ತಿದ್ದ ಹುಡುಗಿಯನ್ನು 1932ರ ಈಸ್ಟರ್ ಭಾನುವಾರ ‘ಟ್ವಿಸ್ಟ್‌ಮೌತ್ ಜಾರ್ಜ್’ ಎಂಬ ಹೆಸರಾಂತ ನರ್ತಕ ಕೈಹಿಡಿದು ಒಳಗೆ ಕರೆದೊಯ್ದ. ಆಗ ಅವಳಿಗೆ 12 ವರ್ಷ. ಫ್ರಾಂಕಿಯ ದಾರಿ ಇನ್ನೂ ಸುತ್ತುಬಳಸಿನದು. 1914ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಹುಟ್ಟಿ ಮೂರನೇ ವಯಸ್ಸಿಗೆ ಹಾರ್ಲೆಮ್ ಸೇರಿದ. ಬಾಡಿಗೆ ಕಟ್ಟಲು ಹಣ ಕೂಡಿಸುವ ಮನೆಕೂಟಗಳಿಗೆ ಅವನ ತಾಯಿ ಕುಣಿಯಲು ಹೋಗುತ್ತಿದ್ದಳು, ಮಗನೂ ಜೊತೆಗೆ. ನಿನ್ನ ಮೈ ಬಿರುಸು, ನೀನು ನರ್ತಕನಾಗಲಾರೆ ಎಂದು ಹೇಳಿದವಳೂ ಅವಳೇ. ಹುಡುಗ ಮನೆಗೆ ಹೋಗಿ ಒಬ್ಬನೇ ಅಭ್ಯಾಸ ಮಾಡಿದ, ಆಮೇಲೆ ಅಲ್‌ಹಂಬ್ರ, ಅನಂತರ ರೆನೆಸಾನ್ಸ್, ಕೊನೆಗೆ ಸವಾಯ್ ಎಂದು ಬಾಲ್‌ರೂಮುಗಳ ಮೆಟ್ಟಿಲು ಹತ್ತಿದ. ಇವರಿಬ್ಬರಿಗೂ ಶಾಲೆಯಿಲ್ಲ, ಶುಲ್ಕವಿಲ್ಲ, ಗುರು ಎಂದು ಒಬ್ಬನ ಕಡೆ ಬೊಟ್ಟು ಮಾಡಲಾಗದು. ನಮ್ಮ ಕಡೆ ಹಿರಿಯ ಕಲಾವಿದರನ್ನು ಕೇಳಿದಾಗ ನೋಡಿ ಕಲಿತೆವು ಎಂಬ ಉತ್ತರ ಬರುತ್ತದಲ್ಲ, ಅದೇ ಉತ್ತರ ಇಲ್ಲಿಯೂ.

ಯುದ್ಧ ಬಂತು, ಸಂಗೀತದ ರುಚಿ ಬದಲಾಯಿತು, 1958ರಲ್ಲಿ ಸವಾಯ್ ಬಾಗಿಲು ಹಾಕಿತು. ಫ್ರಾಂಕಿ 1955ರಲ್ಲಿ ತನ್ನ ತಂಡ ವಿಸರ್ಜಿಸಿ ಅಂಚೆ ಇಲಾಖೆ ಸೇರಿದ್ದ. 1980ರ ದಶಕದ ಆರಂಭಕ್ಕೆ ಬೇರೆ ಬೇರೆ ದೇಶದ ಕೆಲವರು ಹಳೆಯ ಚಿತ್ರಗಳನ್ನು ತಿರುಗಿಸಿ ಮುರುಗಿಸಿ ನೋಡಿ ಹೆಜ್ಜೆ ಕಲಿಯಲು ಹೆಣಗುತ್ತಿದ್ದರು. ಪರದೆ ತೋರಿಸುವುದು ಫಲವನ್ನು. ಕೈಯಿಂದ ಕೈಗೆ ಎಷ್ಟು ಬಲ ಹೋಗಬೇಕು, ಭಾರ ಯಾವ ಕಾಲಿನ ಮೇಲಿರಬೇಕು ಎಂಬುದು ಅಲ್ಲಿ ಕಾಣದು. ಆಗ ಸಿಕ್ಕಿದ್ದು ಆಲ್ ಮಿನ್ಸ್, ನ್ಯೂಯಾರ್ಕಿನ ಸಾಂಡ್ರಾ ಕ್ಯಾಮರಾನ್ ನೃತ್ಯಕೇಂದ್ರದಲ್ಲಿ ಪಾಠ ಹೇಳುತ್ತ. 1984ರಲ್ಲಿ ಸ್ವೀಡನ್ನಿನವರು ಅವನನ್ನು ಕಂಡು ಸ್ಟಾಕ್‌ಹೋಮ್‌ಗೆ ಕರೆಸಿಕೊಂಡರು. 1985ರಲ್ಲಿ ಮಿನ್ಸ್ ತೀರಿಕೊಂಡ. ಆದರೆ ಹೋಗುವ ಮೊದಲು ಶಿಷ್ಯರಿಗೆ ಒಂದು ಮಾತು ಹೇಳಿದ್ದ: ಫ್ರಾಂಕಿ ಮ್ಯಾನಿಂಗ್ ಇದೇ ಊರಲ್ಲಿದ್ದಾನೆ.

1986ರಲ್ಲಿ ಕ್ಯಾಲಿಫೋರ್ನಿಯಾದ ಎರಿನ್ ಸ್ಟೀವನ್ಸ್ ಮತ್ತು ಆಕೆಯ ನೃತ್ಯ ಸಂಗಾತಿ ಟೆಲಿಫೋನ್ ಡೈರೆಕ್ಟರಿ ತೆರೆದು ಆ ಹೆಸರಿಗೆ ಕರೆ ಮಾಡಿದರು. ಕುಣಿಯುತ್ತಿದ್ದ ಫ್ರಾಂಕಿ ಮ್ಯಾನಿಂಗ್ ನೀವೇನಾ ಎಂದಾಗ, ಅಲ್ಲ, ತಾನು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಫ್ರಾಂಕಿ ಮ್ಯಾನಿಂಗ್ ಎಂದು ಆತ ಉತ್ತರಿಸಿದ. ಗ್ರಂಥಾಲಯಗಳಲ್ಲಿ ಸಿಗದವನು ಊರಿನ ಸಾರ್ವಜನಿಕ ಪಟ್ಟಿಯಲ್ಲಿ ಉದ್ದಕ್ಕೂ ಇದ್ದ! ಆಮೇಲಿನ ದಾಖಲೆ ಗಟ್ಟಿಯಾಗಿದೆ: 1989ರಲ್ಲಿ ‘ಬ್ಲ್ಯಾಕ್ ಆಂಡ್ ಬ್ಲೂ’ಗೆ ನೃತ್ಯ ಸಂಯೋಜನೆಯ ಟೋನಿ ಪ್ರಶಸ್ತಿ, ಸ್ವೀಡನ್ನಿನ ಹೆರೆಂಗ್ ಶಿಬಿರ ಸೇರಿ ಹಲವು ದೇಶಗಳಲ್ಲಿ ಪಾಠ, 2009ರ ಏಪ್ರಿಲ್ 27ರಂದು 95 ತುಂಬಲು ಒಂದು ತಿಂಗಳಿದ್ದಾಗ ಸಾವು.

ಹುಡುಕಾಟವನ್ನು ಇಲ್ಲಿಗೆ ಮುಗಿಸಿದರೆ ಕಥೆ ಚೆನ್ನ: ಮೂವತ್ತು ವರ್ಷ ಕಳೆದುಹೋದ ನೃತ್ಯ ಒಂದು ಫೋನ್ ಕರೆಯಿಂದ ಬದುಕಿತು. ಬಹಳ ಕಡೆ ಹೀಗೇ ಬರೆದಿದ್ದಾರೆ. ಆದರೆ ಮಾಮಾ ಲೂ ಪಾರ್ಕ್ಸ್ ಇದಕ್ಕೆ ಅಡ್ಡ ನಿಲ್ಲುತ್ತಾಳೆ. ಸವಾಯ್‌ನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸದಲ್ಲಿದ್ದ ಈಕೆ, ಅದು ಮುಚ್ಚಿದ ಮೇಲೂ ಹಾರ್ವೆಸ್ಟ್ ಮೂನ್ ಬಾಲ್‌ಗೆ ಹಾರ್ಲೆಮ್‌ನ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತಲೇ ಇದ್ದಳು, ತಂಡ ಕಟ್ಟಿ ಯುರೋಪಿಗೂ ಕರೆದೊಯ್ದಳು. ‘ಕಳೆದುಹೋದ’ ವರ್ಷಗಳಲ್ಲೇ ಪಾಠ ನಡೆದಿತ್ತು, ಅದೂ ಹುಟ್ಟಿದ ಬೀದಿಯಲ್ಲೇ. ನೃತ್ಯ ಕಳೆದುಹೋಗಿತ್ತು ಎಂಬುದು ಹಾರ್ಲೆಮ್‌ನ ಹೊರಗಿಂದ ನೋಡಿದವರ ಅನುಭವ. ಅವರ ಮಟ್ಟಿಗೆ ನಿಜ, ಆದರೆ ನೃತ್ಯದ ಇತಿಹಾಸವಲ್ಲ. ‘ಲೈಫ್’ ಪತ್ರಿಕೆಯ 1943ರ ಆಗಸ್ಟ್ 23ರ ಸಂಚಿಕೆ ನೋಡಿ: ಲಿಂಡಿ ಹಾಪ್ ಕುರಿತ ಲೇಖನದ ಒಳಪುಟಗಳಲ್ಲಿ ಲಿಯಾನ್ ಜೇಮ್ಸ್ ಮತ್ತು ವಿಲಾ ಮೇ ರಿಕರ್ ಇದ್ದಾರೆ, ಮುಖಪುಟದಲ್ಲಿ ಬಿಳಿಯ ಜೋಡಿಯೊಂದಿದೆ. ನೋಡುವವರ ಕಣ್ಣು ಎಲ್ಲಿ ನಿಲ್ಲುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಕಾಗದ ನನಗೆ ಸಿಕ್ಕಿಲ್ಲ.

ಫ್ರಾಂಕಿಯ ಪಾತ್ರ ಇದರಿಂದ ಕಿರಿದಾಗುವುದಿಲ್ಲ. ಜಗತ್ತಿಗೆ ಹಂಚಿದವನು ಅವನೇ. ಆದರೆ ವಂಶವೃಕ್ಷ ಬರೆಯುವಾಗ ಒಂದು ಕೊಂಬೆ ಡೈರೆಕ್ಟರಿಯ ಹಾಳೆಯಿಂದ, ಇನ್ನೊಂದು ಪಾರ್ಕ್ಸ್‌ಳ ತಾಲೀಮಿನಿಂದ ಬರಬೇಕು.

ಇದಾದ ಮೇಲೆ ದೊಡ್ಡಾಟದ ನನ್ನ ಪ್ರಶ್ನಾವಳಿ ಬದಲಾಗಿದೆ. ನಿಮ್ಮ ಮಾಸ್ತರರು ಯಾರು ಎಂಬುದು ಮೊದಲ ಪ್ರಶ್ನೆಯಾಗಿತ್ತು. ಅದಕ್ಕೆ ಸಿಗುವುದು ಒಂದೇ ಹೆಸರು, ಸಾಮಾನ್ಯವಾಗಿ ಊರಿಗೆಲ್ಲ ಗೊತ್ತಿರುವ ಹೆಸರು. ಈಗ ಮೊದಲು ಕೇಳುವುದು, ನಿಮ್ಮ ಎದುರು ಪಾತ್ರದಲ್ಲಿ ಕುಣಿದವರು ಯಾರು ಎಂದು. ಎರಡನೆಯದು, ಆಟ ನಿಂತಿತ್ತು ಎನ್ನುತ್ತೀರಲ್ಲ, ಆ ವರ್ಷಗಳಲ್ಲಿ ಪಕ್ಕದ ಊರಲ್ಲಿ, ಇನ್ನೊಂದು ಓಣಿಯಲ್ಲಿ ಗೆಜ್ಜೆ ಕಟ್ಟಿದವರು ಇದ್ದರೇ ಎಂದು. ಮಾಸ್ತರರ ಹೆಸರನ್ನು ಮೂರನೆಯದಾಗಿ ಬರೆದುಕೊಳ್ಳುತ್ತೇನೆ.