ಹಲವು ಕೈಗಳ ಕನ್ನಡ ಬ್ಲಾಗ್ ತಾಣಕ್ಕೆ ತಕ್ಕ ಹೋಸ್ಟಿಂಗ್: ಎಂ.ಕೆ. ಹುಬ್ಬಳ್ಳಿ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ಬರೆಯುವ ಕೈಗಳಿಗೆ ಕೊರತೆಯಿಲ್ಲ. ಸಂಗೊಳ್ಳಿ ರಾಯಣ್ಣನ ಲಾವಣಿ, ಬೈಲಹೊಂಗಲ ಸೀಮೆಯ ಸಂಗ್ಯಾ ಬಾಳ್ಯಾ, ಯಲ್ಲಮ್ಮನ ಗುಡ್ಡದ ಚೌಡಿಕೆ ಪದ, ಹೂಲಿಯ ಗುಡಿಗಳು, ಎಂ.ಕೆ. (ಮುಗಟಖಾನ) ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿರುವ ಗಂಗಾಂಬಿಕಾ ಐಕ್ಯ ಮಂಟಪ, ಹೀಗೆ ಬರೆಯಲು ವಿಷಯಗಳೂ ಬೇಕಾದಷ್ಟಿವೆ. ಶಾಲಾ ಮಾಸ್ತರರು, ನಿವೃತ್ತರು, ಕಾಲೇಜು ಹುಡುಗರು ಇವನ್ನೆಲ್ಲ ಈಗ ಬರೆಯುತ್ತಿರುವುದು ವಾಟ್ಸಾಪ್ ಗುಂಪುಗಳಲ್ಲಿ, ಫೇಸ್‌ಬುಕ್ ಗೋಡೆಗಳ ಮೇಲೆ. ವಾರ ಕಳೆದರೆ ಅದನ್ನು ಹುಡುಕಿ ತೆಗೆಯುವುದು ಬರೆದವರಿಗೇ ಕಷ್ಟ. ಒಂದೇ ಸೂರಿನಡಿ ಪ್ರತಿಯೊಬ್ಬರಿಗೂ ತಮ್ಮದೇ ಪುಟವಿರುವ ಬ್ಲಾಗ್ ತಾಣವೊಂದನ್ನು ಕಟ್ಟುವುದಾದರೆ ಅದಕ್ಕೆ ಎಂಥ ಹೋಸ್ಟಿಂಗ್ ತಕ್ಕದ್ದು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಸುಮಾರು 200 ಲೇಖಕರು, ಒಬ್ಬೊಬ್ಬರದು 50 ಲೇಖನ ಎಂದು ಇಟ್ಟುಕೊಂಡು ಲೆಕ್ಕ ಹಾಕಿದ್ದೇನೆ.

ಕನ್ನಡದಲ್ಲಿ ಇದಕ್ಕೆ ಪೂರ್ವೋದಾಹರಣೆ ಇದೆ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ದಲ್ಲಿ ಯಾರು ಬೇಕಾದರೂ ಸದಸ್ಯರಾಗಿ ತಮ್ಮ ಹೆಸರಿನಲ್ಲಿ ಬರೆಯಬಹುದಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೇ ಸಾಹಸವಾಗಿದ್ದ ದಿನಗಳಲ್ಲಿ ಎಷ್ಟೋ ಜನ ಮೊದಲ ಬಾರಿಗೆ ಅಂತರಜಾಲದಲ್ಲಿ ಕನ್ನಡ ಬರೆದದ್ದು ಅಲ್ಲಿ. ಆ ತಾಣ ನಿಂತದ್ದು ದ್ರುಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ. ದ್ರುಪಲ್‌ನ ಒಡಲಿನಲ್ಲೇ ಆಗ ಬಹುಜನರ ಬ್ಲಾಗಿಗೆಂದು ಒಂದು ಭಾಗ ಇತ್ತು. ಎಂಟನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಏಳನೇ ಆವೃತ್ತಿಗೆ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೆ ಮುಗಿಯಿತು. ಏಳರಿಂದ ಮುಂದಿನ ಆವೃತ್ತಿಗಳಿಗೆ ಹೋಗುವುದೆಂದರೆ ತಾಣವನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿದಂತೆಯೇ. ಹೋಸ್ಟಿಂಗ್ ಆರಿಸುವವರು ಸಾಮಾನ್ಯವಾಗಿ ಈ ವರ್ಷದ ಬೆಲೆ ನೋಡುತ್ತಾರೆ. ಹಲವರ ಬರಹ ಹೊತ್ತ ತಾಣಕ್ಕೆ ನೋಡಬೇಕಾದದ್ದು ಹತ್ತು ವರ್ಷದ ನಂತರ ಅಲ್ಲಿಂದ ಎಲ್ಲವನ್ನೂ ಎತ್ತಿಕೊಂಡು ಬೇರೆಡೆಗೆ ಹೋಗಲು ಸಾಧ್ಯವೇ ಎಂಬುದನ್ನು. ಮುಂದಿನ ಪರಿಶೀಲನೆಯೆಲ್ಲ ಈ ಒಂದು ಅಳತೆಗೋಲನ್ನೇ ಹಿಡಿದದ್ದು.

ಮೊದಲು ತಾಣದ ರಚನೆ. ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಬಳಸಿದರೆ ಎರಡು ದಾರಿಗಳಿವೆ. 2010ರ ಮೂರನೇ ಆವೃತ್ತಿಯಿಂದ ಬಂದಿರುವ ‘ಮಲ್ಟಿಸೈಟ್’ ಒಂದು. ಅದರಲ್ಲಿ ಪ್ರತಿ ಲೇಖಕರಿಗೂ ಪೂರ್ತಿ ಸ್ವತಂತ್ರವಾದ ಬ್ಲಾಗ್ ಸಿಗುತ್ತದೆ. ಒಂದೇ ತಾಣ, ಹಲವು ಲೇಖಕರು ಎಂಬುದು ಇನ್ನೊಂದು. ಮಲ್ಟಿಸೈಟ್‌ನಲ್ಲಿ ಪ್ರತಿ ಬ್ಲಾಗಿಗೂ ಡೇಟಾಬೇಸಿನಲ್ಲಿ 10 ಟೇಬಲ್‌ಗಳು ಹುಟ್ಟುತ್ತವೆ. 200 ಲೇಖಕರೆಂದರೆ 2,000 ಟೇಬಲ್. ಒಂದೇ ತಾಣದ ರಚನೆಯಲ್ಲಿ ಒಟ್ಟು 12 ಸಾಕು. ಲೇಖಕರಿಗೆಲ್ಲ ಉಪವಿಳಾಸ ಬೇಕೆಂದರೆ ಎಲ್ಲ ಉಪವಿಳಾಸಗಳನ್ನೂ ಒಂದೇ ಸರ್ವರಿಗೆ ತಿರುಗಿಸುವ ಸೌಲಭ್ಯವೂ ಅವೆಲ್ಲಕ್ಕೂ ಸಲ್ಲುವ ಭದ್ರತಾ ಪ್ರಮಾಣಪತ್ರವೂ ಬೇಕು. ಅಂಥ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2018ರಿಂದ ಪುಕ್ಕಟೆ ಕೊಡುತ್ತಿದೆ. ಆದರೆ ಅದನ್ನು ಮೂರು ತಿಂಗಳೊಳಗೆ ನವೀಕರಿಸುತ್ತಲೇ ಇರಬೇಕು, ಅಗ್ಗದ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಇದಕ್ಕೆ ಬೇಕಾದ ಅಧಿಕಾರ ಹಲವೆಡೆ ಗ್ರಾಹಕರ ಕೈಗೆ ಸಿಗುವುದಿಲ್ಲ. ನಮ್ಮ ಸೀಮೆಯ ತಾಣಕ್ಕೆ ಎರಡನೆಯ ದಾರಿಯೇ ಸರಿ. ಲೇಖಕರಿಗೆ ಬೇಕಾದದ್ದು ತಮ್ಮ ಹೆಸರು, ಚಿತ್ರ, ಬರಹಗಳ ಪಟ್ಟಿ ಇರುವ ಒಂದು ಪುಟ. ಅದು ಅಲ್ಲಿಯೂ ಸಿಗುತ್ತದೆ, ಮುಂದೆ ಸಾಗಿಸುವ ಹೊರೆಯೂ ಹಗುರವಾಗುತ್ತದೆ.

ಜಾಗ ಎಷ್ಟು ಬೇಕು? ಜಾಲತಾಣಗಳು ಬಳಸುವ ಯೂನಿಕೋಡ್ ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಪದಕ್ಕೆ ಸರಾಸರಿ ಎಂಟು ಚಿಹ್ನೆಯೆಂದು ಹಿಡಿದರೆ ಸಾವಿರ ಪದಗಳ ಲೇಖನ ಸುಮಾರು 25 ಕಿಲೋಬೈಟ್. 10,000 ಲೇಖನ ಸೇರಿದರೂ 250 ಮೆಗಾಬೈಟ್ ದಾಟುವುದಿಲ್ಲ. ಆದರೆ ವರ್ಡ್‌ಪ್ರೆಸ್ ಪ್ರತಿ ತಿದ್ದುಪಡಿಯ ಪೂರ್ತಿ ಪ್ರತಿಯನ್ನೂ ಇಟ್ಟುಕೊಳ್ಳುತ್ತದೆ. ಲೇಖನಕ್ಕೆ 20 ಪ್ರತಿಗಳಾದರೆ ಅದೇ 5 ಗಿಗಾಬೈಟ್ ಆಗುತ್ತದೆ. ಹಳೆಯ ಪ್ರತಿಗಳನ್ನು ಐದಕ್ಕೆ ಮಿತಿಗೊಳಿಸುವುದು ಒಂದೇ ಸಾಲಿನ ಕೆಲಸ, ಮೊದಲ ದಿನವೇ ಮಾಡಿಬಿಡಬೇಕು. ನಿಜವಾದ ಭಾರ ಚಿತ್ರಗಳದು. ಮೊಬೈಲಿನಲ್ಲಿ ತೆಗೆದ 3 ಮೆಗಾಬೈಟಿನ ಒಂದು ಫೋಟೊ ಅಂಥ 120 ಲೇಖನಗಳ ಜಾಗ ತಿನ್ನುತ್ತದೆ. ಏರಿಸಿದ ಮೇಲೆ ಅದರಿಂದ ಬೇರೆ ಬೇರೆ ಅಳತೆಯ ಏಳೆಂಟು ಫೈಲುಗಳೂ ಹುಟ್ಟುತ್ತವೆ. ‘ಅನ್‌ಲಿಮಿಟೆಡ್’ ಎಂದು ಮಾರುವ ಹಂಚಿಕೆಯ ಹೋಸ್ಟಿಂಗ್‌ಗಳಲ್ಲಿ ಜಾಗಕ್ಕೆ ಮಿತಿ ಹೇಳದಿದ್ದರೂ ಫೈಲುಗಳ ಸಂಖ್ಯೆಗೆ ಮಿತಿ ಇರುವುದುಂಟು. ಒಪ್ಪಂದದಲ್ಲಿ ಹುಡುಕಿ ಓದಬೇಕಾದದ್ದು ಆ ಸಾಲನ್ನು.

ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕನ್ನು ಸ್ವಲ್ಪ ವಿವರವಾಗಿ ನೋಡಬೇಕು. ವರ್ಡ್‌ಪ್ರೆಸ್ ಲೇಖನದ ತಲೆಬರಹದಿಂದಲೇ ಅದರ ವಿಳಾಸವನ್ನು ತಯಾರಿಸುತ್ತದೆ. ವಿಳಾಸದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಶೇಕಡಾ ಗುರುತುಗಳ ಸರಣಿಯಾಗಿ 9 ಸ್ಥಾನ ಹಿಡಿಯುತ್ತದೆ. ಡೇಟಾಬೇಸಿನಲ್ಲಿ ಇದಕ್ಕಿರುವ ಜಾಗ 200 ಸ್ಥಾನ. ‘ಮುಗಟಖಾನ ಹುಬ್ಬಳ್ಳಿ ಗಂಗಾಂಬಿಕಾ ಐಕ್ಯ ಮಂಟಪ’ ಎಂಬ ತಲೆಬರಹ ಕೊಟ್ಟು ನೋಡಿ. ‘ಮುಗಟಖಾನ’ದಲ್ಲಿ ಏಳು ಚಿಹ್ನೆ, ‘ಹುಬ್ಬಳ್ಳಿ’ಯಲ್ಲಿ ಒಂಬತ್ತು. ನಡುವಿನ ಅಡ್ಡಗೆರೆ ಸೇರಿ ಊರಿನ ಹೆಸರೊಂದೇ 145 ಸ್ಥಾನ ನುಂಗುತ್ತದೆ. ಇನ್ನೊಂದು ಅಡ್ಡಗೆರೆ ಕಳೆದರೆ ಉಳಿಯುವುದು 54 ಸ್ಥಾನ, ಅಂದರೆ ಆರು ಚಿಹ್ನೆ. ಹೀಗಾಗಿ ವಿಳಾಸ ‘ಗಂಗಾಂಬ’ ಎಂಬಲ್ಲಿಗೆ ಕತ್ತರಿಸಿ ನಿಲ್ಲುತ್ತದೆ. ‘ಬಿ’ಯ ಗುಡಿಸೂ ಹೋಯಿತು, ಐಕ್ಯ ಮಂಟಪವೂ ಹೋಯಿತು. ಒಂದೇ ಮೊದಲಿನ ಉದ್ದ ತಲೆಬರಹಗಳಿದ್ದರೆ ಎಲ್ಲದಕ್ಕೂ ಒಂದೇ ತುಂಡು ವಿಳಾಸ ಬಂದು ಕೊನೆಗೆ 2, 3 ಎಂಬ ಅಂಕೆಗಳು ಅಂಟುತ್ತವೆ. ಈ ಉದ್ದನೆಯ ವಿಳಾಸವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಓದುವವರಿಗೆ ಕಾಣುವುದು ಶೇಕಡಾ ಗುರುತುಗಳ ಸಂತೆ. ವಿಳಾಸಕ್ಕೆ ಲೇಖನದ ಕ್ರಮಸಂಖ್ಯೆಯನ್ನೇ ಬಳಸುವುದು ನನ್ನ ಸಲಹೆ. ಸಂಖ್ಯೆಯ ವಿಳಾಸ ಚಿಕ್ಕದು, ತಲೆಬರಹ ತಿದ್ದಿದರೂ ಕೆಡುವುದಿಲ್ಲ.

ಅಕ್ಷರಗಳ ವಿಚಾರದಲ್ಲೇ ಇನ್ನೊಂದು ಮಾತು. ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ‘ಯುಟಿಎಫ್8’ ಎಂಬ ಹೆಸರಿನ ಹಳೆಯ ವ್ಯವಸ್ಥೆ ಮೂರು ಬೈಟಿನವರೆಗಿನ ಅಕ್ಷರಗಳನ್ನು ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಅಷ್ಟು ಸಾಕು. ನಮ್ಮ ಸೀಮೆಗೆ ಸಾಲದು. ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಗಳಿವೆ. ಯೂನಿಕೋಡಿಗೆ 2014ರಲ್ಲಿ ಸೇರಿದ ಮೋಡಿಯ ಪ್ರತಿ ಅಕ್ಷರಕ್ಕೂ ನಾಲ್ಕು ಬೈಟ್ ಬೇಕು. ಮೊಬೈಲಿನಲ್ಲಿ ಬರೆಯುವವರು ಹಾಕುವ ನಗುಮುಖದ ಇಮೋಜಿಗಳೂ ಬಹುತೇಕ ನಾಲ್ಕು ಬೈಟಿನವೇ. ಹಳೆಯ ವ್ಯವಸ್ಥೆಯಲ್ಲಿ ಅಂಥ ಒಂದು ಅಕ್ಷರ ಬಂದಲ್ಲಿಂದ ಮುಂದಿನ ಬರಹವೆಲ್ಲ ಉಳಿಯದೆ ಹೋಗುತ್ತಿತ್ತು. ವರ್ಡ್‌ಪ್ರೆಸ್ ನಾಲ್ಕು ಬೈಟಿನ ವ್ಯವಸ್ಥೆಗೆ ಬಂದದ್ದು 2015ರಲ್ಲಿ. ಹೋಸ್ಟಿಂಗ್ ಕೊಡುವವರ ಡೇಟಾಬೇಸ್ ಇದಕ್ಕೆ ಸಿದ್ಧವಿದೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು.

ತಾಣವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಇದೇ ತೊಡಕು ಬೇರೊಂದು ವೇಷದಲ್ಲಿ ಬರುತ್ತದೆ. ‘ಕ’ ಎಂಬ ಅಕ್ಷರ ಕಂಪ್ಯೂಟರಿನ ಒಳಗೆ 224, 178, 149 ಎಂಬ ಮೂರು ಅಂಕೆಗಳು. ಪಶ್ಚಿಮ ಯುರೋಪಿನ ಹಳೆಯ ಅಕ್ಷರಪಟ್ಟಿಯಂತೆ ಅವನ್ನು ಓದಿದರೆ ‘ಕ’ದ ಜಾಗದಲ್ಲಿ ತಲೆಯ ಮೇಲೆ ಗೀರಿರುವ ಒಂದು ರೋಮನ್ ಅಕ್ಷರ, ಎತ್ತರದಲ್ಲಿ ಬರೆದ ಪುಟ್ಟ ಎರಡು, ಒಂದು ದಪ್ಪ ಚುಕ್ಕೆ ಕಾಣುತ್ತವೆ. ಆ ಸ್ಥಿತಿಯಲ್ಲಿಯೇ ಮತ್ತೊಮ್ಮೆ ಉಳಿಸಿಬಿಟ್ಟರೆ ಮೂಲಕ್ಕೆ ಮರಳಿಸುವುದು ಬಹಳ ಕಷ್ಟ. ಇಂಗ್ಲಿಷ್ ತಾಣಗಳಿಗೆ ಈ ಅಪಾಯ ಹೆಚ್ಚಾಗಿ ತಟ್ಟುವುದಿಲ್ಲ. ಆದ್ದರಿಂದಲೇ ಹೋಸ್ಟಿಂಗ್ ಕಂಪನಿಗಳ ‘ಪುಕ್ಕಟೆ ಸಾಗಣೆ’ ಸೇವೆಯನ್ನು ಕನ್ನಡದವರು ಕಣ್ಣುಮುಚ್ಚಿ ನಂಬಬಾರದು. ಸಾಗಿಸಿದ ಮೇಲೆ ಹಳೆಯ ಲೇಖನಗಳಲ್ಲಿ ಕೆಲವನ್ನು ತೆರೆದು, ಒತ್ತಕ್ಷರ ಹೆಚ್ಚಿರುವ ಸಾಲುಗಳನ್ನು ಓದಿ ನೋಡಬೇಕು.

ಇನ್ನು ಸರ್ವರಿನ ಶಕ್ತಿ. ಸುದ್ದಿತಾಣಕ್ಕೆ ಓದುಗರೇ ಭಾರ. ಅವರಿಗೆ ಮೊದಲೇ ತಯಾರಿಸಿಟ್ಟ ಪುಟವನ್ನು ಎತ್ತಿ ಕೊಟ್ಟರೆ ಆಯಿತು. ಹಲವರು ಬರೆಯುವ ತಾಣದಲ್ಲಿ ಭಾರ ಲೇಖಕರದು. ಲಾಗಿನ್ ಆದವರಿಗೆ ಪುಟವನ್ನು ಪ್ರತಿಸಲ ಹೊಸದಾಗಿ ತಯಾರಿಸಬೇಕು, ಬರೆಯುತ್ತಿರುವ ಕರಡು ನಿಮಿಷಕ್ಕೊಮ್ಮೆ ತಾನಾಗಿ ಉಳಿಯುತ್ತಿರುತ್ತದೆ. ಅಕ್ಟೋಬರಿನ ಕಿತ್ತೂರು ಉತ್ಸವದ ರಾತ್ರಿ 30 ಮಂದಿ ಒಟ್ಟಿಗೆ ಬರೆಯಲು ಕೂತರೆ ಕರಡು ಉಳಿಸುವ ಕೋರಿಕೆಯೊಂದೇ ಎರಡು ಸೆಕೆಂಡಿಗೊಂದರಂತೆ ಬರುತ್ತದೆ. ಒಂದೊಂದು ಕೋರಿಕೆಗೆ ಸುಮಾರು 50 ಮೆಗಾಬೈಟ್ ಸ್ಮೃತಿ ಬೇಕೆಂದು ಹಿಡಿದರೂ 2 ಗಿಗಾಬೈಟ್ ರ್‍ಯಾಮ್ ಇರುವ ಸಣ್ಣ ವಿಪಿಎಸ್ (ದೊಡ್ಡ ಸರ್ವರಿನಲ್ಲಿ ನಮಗೆಂದೇ ಮೀಸಲಾದ ಪಾಲು) ಇದನ್ನು ನಿಭಾಯಿಸುತ್ತದೆ. ಅಗ್ಗದ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಏಕಕಾಲದ ಕೋರಿಕೆಗಳಿಗೇ ಬಿಗಿಯಾದ ಮಿತಿಯಿರುವುದರಿಂದ ಅಲ್ಲಿ ಅದೇ ರಾತ್ರಿ ತಾಣ ನಿಂತುಬಿಡಬಹುದು.

ಸರ್ವರ್ ಎಲ್ಲಿರಬೇಕು ಎಂಬುದಕ್ಕೆ ಉತ್ತರ ಸುಲಭ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಅಮೆರಿಕದ ಪೂರ್ವ ಕರಾವಳಿ ಇಲ್ಲಿಂದ 13,000 ಕಿ.ಮೀ. ಎಂದರೆ ಒಂದು ಸಲ ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್. ಭದ್ರ ಸಂಪರ್ಕದ ಪುಟವೊಂದು ಬರಲು ತೊಡಗುವ ಮೊದಲು ಅಂಥ ಮೂರು ಸುತ್ತು ಬೇಕು. ಎಂ.ಕೆ. ಹುಬ್ಬಳ್ಳಿಯಿಂದ ಮುಂಬೈಗೂ ಬೆಂಗಳೂರಿಗೂ ಹೆಚ್ಚುಕಡಿಮೆ 500 ಕಿ.ಮೀ. ಅಮೆಜಾನಿನ ಮುಂಬೈ ಕೇಂದ್ರವೂ ಡಿಜಿಟಲ್ ಓಷನ್‌ನ ಬೆಂಗಳೂರು ಕೇಂದ್ರವೂ 2016ರಲ್ಲಿ ತೆರೆದವು. ಎರಡರಲ್ಲಿ ಯಾವುದಾದರೂ ಆದೀತು. ಊರಲ್ಲೇ ಒಂದು ಕಂಪ್ಯೂಟರನ್ನು ಸರ್ವರ್ ಮಾಡುವ ಆಸೆ ಕೆಲವರಿಗೆ ಇರುತ್ತದೆ. ಆದರೆ ಕರೆಂಟು ಹೋದಾಗಲೆಲ್ಲ ತಾಣವೂ ಮಲಗುತ್ತದೆ, ನೆರೆಯ ಭಯವೂ ಇದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ಬಿಟ್ಟ ನೀರು ರಾಮದುರ್ಗದ ತನಕ ಏನು ಮಾಡಿತೆಂಬುದನ್ನು ಮಲಪ್ರಭೆಯ ದಂಡೆಯವರಿಗೆ ಹೇಳಬೇಕಾಗಿಲ್ಲ.

ದೊಡ್ಡ ಕಂಪನಿಯ ಕಟ್ಟಡದಲ್ಲಿದ್ದ ಮಾತ್ರಕ್ಕೆ ಬರಹ ಸುರಕ್ಷಿತ ಎಂದೂ ಅಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಬ್ಯಾಕಪ್ ಪ್ರತಿಯನ್ನೂ ಅದೇ ಆವರಣದಲ್ಲಿಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ನಮ್ಮ ತಾಣದ ಎರಡನೆಯ ಪ್ರತಿ ಬೇರೆ ಕಂಪನಿಯಲ್ಲಿ, ಬೇರೆ ಊರಿನಲ್ಲಿ ಇರಬೇಕು. ಮೂರನೆಯದನ್ನು ತಿಂಗಳಿಗೊಮ್ಮೆ ಹಾರ್ಡ್ ಡಿಸ್ಕಿಗೆ ಇಳಿಸಿ ನಾಲ್ಕು ತಾಲೂಕುಗಳಲ್ಲಿ ಯಾವುದಾದರೊಂದು ಕಾಲೇಜಿನ ಗ್ರಂಥಾಲಯದಲ್ಲಿ ಇಡಬಹುದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಸಂಗತಿ ವಿಳಾಸ. 2006ರ ಜುಲೈನಲ್ಲಿ, ಮುಂಬೈ ರೈಲು ಸ್ಫೋಟಗಳ ನಂತರ, ಕೆಲವೇ ಪುಟಗಳನ್ನು ತಡೆಯಲು ಕೇಂದ್ರ ಸರ್ಕಾರ ಆದೇಶಿಸಿತು. ಇಂಟರ್‌ನೆಟ್ ಕಂಪನಿಗಳು ಬ್ಲಾಗ್‌ಸ್ಪಾಟ್ ವಿಳಾಸವನ್ನೇ ಇಡಿಯಾಗಿ ತಡೆದುಬಿಟ್ಟವು. ಆ ಪುಟಗಳಿಗೆ ಸಂಬಂಧವೇ ಇಲ್ಲದ ಬ್ಲಾಗುಗಳೂ ಕೆಲದಿನ ಕಾಣದಾದವು. ಇನ್ನೊಬ್ಬರ ವಿಳಾಸದ ಕೆಳಗೆ ಮನೆ ಮಾಡಿದರೆ ಅವರಿಗೆ ಬಂದದ್ದು ನಮಗೂ ಬರುತ್ತದೆ. ಜಿ.ಎನ್. ಮೋಹನ್ ಅವರ ಸಾಹಿತ್ಯ ತಾಣ ‘ಅವಧಿ’ ವರ್ಡ್‌ಪ್ರೆಸ್ ಡಾಟ್ ಕಾಂನ ಉಪವಿಳಾಸದಿಂದ ಆರಂಭವಾಗಿ ಮುಂದೆ ಸ್ವಂತ ವಿಳಾಸಕ್ಕೆ ಹೋಯಿತು. ಸ್ವಂತ ಡೊಮೇನ್ ಇದ್ದರೆ ಹೋಸ್ಟಿಂಗ್ ಎಷ್ಟು ಸಲ ಬದಲಾದರೂ ಓದುಗರಿಗೆ ಗೊತ್ತೇ ಆಗುವುದಿಲ್ಲ. ಹಳೆಯ ಲೇಖನಗಳಿಗೆ ಬೇರೆಯವರು ಕೊಟ್ಟ ಕೊಂಡಿಗಳೂ ಕಡಿಯುವುದಿಲ್ಲ.

ಆ ಡೊಮೇನ್ ಕೈತಪ್ಪುವುದು ಮಾತ್ರ ತೀರಾ ಸಾಮಾನ್ಯ ಕಾರಣಗಳಿಂದ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಗ್ರಾಹಕರ ಹೆಚ್ಚುವರಿ ಒಪ್ಪಿಗೆ ಬೇಕು. ವಿದೇಶಿ ಕಂಪನಿಗಳಿಗೆ ವರ್ಷವರ್ಷವೂ ತಾನಾಗಿ ಹೋಗುತ್ತಿದ್ದ ಎಷ್ಟೋ ಪಾವತಿಗಳು ಆಗ ನಿಂತವು. ನೆನಪಿಸುವ ಮಿಂಚಂಚೆ ಹೋಗುವುದು ನೋಂದಣಿ ಮಾಡಿಸಿದವರ ಪೆಟ್ಟಿಗೆಗೆ. ಅವರು ಊರು ಬಿಟ್ಟಿದ್ದರೆ, ಆಸಕ್ತಿ ಕಳೆದುಕೊಂಡಿದ್ದರೆ, ತೀರಿಕೊಂಡಿದ್ದರೆ ನೋಡುವವರಿಲ್ಲ. ಡೊಮೇನನ್ನು ಒಮ್ಮೆಲೇ ಗರಿಷ್ಠ 10 ವರ್ಷಕ್ಕೆ ನೋಂದಾಯಿಸಬಹುದು. ರೂಪಾಯಿಯಲ್ಲಿ ಬಿಲ್ ಕೊಡುವ ಭಾರತೀಯ ನೋಂದಣಿದಾರರಲ್ಲಿ, ಉತ್ಸಾಹಿ ಯುವಕನೊಬ್ಬನ ಹೆಸರಿನಲ್ಲಲ್ಲದೆ ನೋಂದಾಯಿತ ಸಂಘವೊಂದರ ಹೆಸರಿನಲ್ಲಿ ಅದನ್ನು ಮಾಡಿಸಬೇಕು. ಪಾಸ್‌ವರ್ಡ್ ಕನಿಷ್ಠ ಮೂವರ ಬಳಿ ಇರಬೇಕು.

ಕಾನೂನಿನ ಮಾತು ಚಿಕ್ಕದು. ಬೇರೆಯವರ ಬರಹಕ್ಕೆ ಜಾಗ ಕೊಡುವ ತಾಣ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಮಧ್ಯವರ್ತಿ. ಕುಂದುಕೊರತೆ ಅಧಿಕಾರಿಯ ಹೆಸರನ್ನು ತಾಣದಲ್ಲಿ ಹಾಕಬೇಕೆಂದು 2021ರ ನಿಯಮಗಳು ಹೇಳುತ್ತವೆ. ಸರ್ವರಿನ ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂಬುದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ 2022ರ ಏಪ್ರಿಲ್ 28ರ ನಿರ್ದೇಶನ. ಸರ್ವರಿನ ಒಳಗೆ ಕೈಯಾಡಿಸಲು ಬಿಡದ ಹೋಸ್ಟಿಂಗ್‌ನಲ್ಲಿ ಇದು ಸುಲಭವಲ್ಲ.

ಆದ್ದರಿಂದ ಈ ಸೀಮೆಯ ತಾಣಕ್ಕೆ ತಕ್ಕದ್ದು ಮುಂಬೈ ಅಥವಾ ಬೆಂಗಳೂರಿನ 2 ಗಿಗಾಬೈಟಿನ ಒಂದು ವಿಪಿಎಸ್, ಸಂಘದ ಹೆಸರಿನ ಡೊಮೇನ್, ಬೇರೆಡೆಯಲ್ಲಿ ಬ್ಯಾಕಪ್. ಸರ್ವರ್ ನೋಡಿಕೊಳ್ಳಲು ಗೊತ್ತಿರುವವರು ಇಬ್ಬರಾದರೂ ಸಿಗದಿದ್ದರೆ ವಿಪಿಎಸ್ ಬೇಡ. ಆಗ ವರ್ಡ್‌ಪ್ರೆಸ್ ಡಾಟ್ ಕಾಂನ ನಿರ್ವಹಿತ ಸೇವೆಗೆ ಸ್ವಂತ ಡೊಮೇನ್ ಜೋಡಿಸಿಕೊಳ್ಳುವುದು ಮೇಲು. ಹಣ ಹೆಚ್ಚು ಹೋದರೂ ತಾಣ ಅನಾಥವಾಗುವುದಿಲ್ಲ.

ಇಂಥ ತಾಣ ಏಳುವವರೆಗೆ ಈಗಾಗಲೇ ಬ್ಲಾಗರ್‌ನಲ್ಲಿ ಬರೆಯುತ್ತಿರುವವರಲ್ಲಿ ಒಂದು ಮನವಿ. ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಬರಹಗಳ ಬ್ಯಾಕಪ್ ಪ್ರತಿಯನ್ನು ಈ ವಾರವೇ ಇಳಿಸಿಕೊಳ್ಳಿ. ಅದರಲ್ಲಿ ಚಿತ್ರಗಳೂ ಬಂದಿವೆಯೇ ಎಂದು ತೆರೆದು ನೋಡಿ. ಬಂದಿಲ್ಲದಿದ್ದರೆ ಅವನ್ನು ಬೇರೆಯಾಗಿ ತೆಗೆದಿಟ್ಟುಕೊಳ್ಳಿ.