ಯಜಮಾನನೇ ಇಲ್ಲದವರ ಯೂನಿಯನ್

1/5
ಇಸವಿ 1951. ಸ್ವತಂತ್ರ ಭಾರತದ ಮೊದಲ ಜನಗಣತಿ. ಸೂರತ್‌ನ ಕಾಲೇಜು ಹುಡುಗಿ ಇಳಾಗೆ ಆಗ ಹದಿನೆಂಟರ ಆಸುಪಾಸು, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ವಿದ್ಯಾರ್ಥಿ ಮುಖಂಡ ರಮೇಶ್ ಭಟ್ ಜೊತೆ ಕೊಳೆಗೇರಿಗೆ ಹೋಗಿ ಮನೆಮನೆಯ ಲೆಕ್ಕ ಬರೆದುಕೊಂಡಳು. ವಕೀಲರ ಮನೆಯಲ್ಲಿ ಬೆಳೆದ ಹುಡುಗಿ ಅಂಥ ಬಡತನವನ್ನ ಹತ್ತಿರದಿಂದ ನೋಡಿದ್ದು ಆಗಲೇ.

2/5
ಕಾನೂನು ಓದಿ, 1955ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರ ಸಂಘ 'ಮಜೂರ್ ಮಹಾಜನ್' ಸೇರಿದರು. ಗಿರಣಿಯವರಿಗೆ ಕಾನೂನಿತ್ತು, ಸಂಘ ಇತ್ತು. ಆದ್ರೆ ಬಟ್ಟೆ ಮಾರ್ಕೆಟ್‌ನಲ್ಲಿ ತಲೆ ಮೇಲೆ ಮೂಟೆ ಹೊರೋ ಹೆಂಗಸರಿಗೆ? ಏನೂ ಇಲ್ಲ.

1971ರಲ್ಲಿ ಇವರ ಕೂಲಿ ಬಗ್ಗೆ ಇಳಾ ಪತ್ರಿಕೆಗೆ ಬರೆದರು. ವ್ಯಾಪಾರಿಗಳು ಸುಮ್ಮನಿರ್ತಾರಾ? 'ನಾವು ಸರಿಯಾಗೇ ಕೊಡ್ತಿದ್ದೀವಿ' ಅಂತ ಪತ್ರಿಕೆಯಲ್ಲೇ ಉತ್ತರ ಕೊಟ್ಟರು. ಇಳಾ ಆ ಉತ್ತರವನ್ನೇ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಹೆಂಗಸರ ಕೈಗೆ ಕೊಟ್ಟರು. 'ನೀವೇ ಹೇಳಿದ ಕೂಲಿ, ಕೊಡಿ ಸ್ವಾಮಿ' ಅಂತ ಕೇಳೋಕೆ!

3/5
ಅದೇ ವರ್ಷ 'ಸೇವಾ' ಹುಟ್ಟಿತು. ಸ್ವಂತ ದುಡಿಮೆಯ ಹೆಂಗಸರ ಸಂಘ. ನೋಂದಣಿಗೆ ಹೋದರೆ ಇಲಾಖೆ ಒಪ್ಪಲಿಲ್ಲ: 'ನಿಮಗೆ ಯಜಮಾನನೇ ಇಲ್ಲ, ಯಾರ ವಿರುದ್ಧ ಯೂನಿಯನ್?'

ಇಳಾ ಅವರ ವಾದ ಸರಳ. ಯೂನಿಯನ್ ಇರೋದು ಯಾರದೋ ವಿರುದ್ಧ ನಿಲ್ಲೋಕಲ್ಲ, ದುಡಿಯೋರು ಒಟ್ಟಾಗೋಕೆ. ಏಪ್ರಿಲ್ 12, 1972ಕ್ಕೆ ನೋಂದಣಿ ಸಿಕ್ಕಿತು.

4/5
ಬಿಕಾಂನವರೇ, ಇದು ನಮಗೆ. ತರಕಾರಿ ಮಾರೋರು ಬೆಳಿಗ್ಗೆ ಸಾಲ ತಂದು, ಸಂಜೆ ಬಡ್ಡಿ ಸಮೇತ ತೀರಿಸಬೇಕಿತ್ತು. ಬ್ಯಾಂಕುಗಳು ಹತ್ತಿರ ಸೇರಿಸ್ತಿರಲಿಲ್ಲ. 1974ರಲ್ಲಿ 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ಕಟ್ಟಿದರು. ಲೆಕ್ಕ ಹಾಕಿ: ಬಂಡವಾಳ 40,000. ಓದು ಬರಹ ಬರದವರು ರಾತ್ರಿಯೆಲ್ಲ ಕೂತು ಸಹಿ ಹಾಕೋದು ಕಲಿತರು. ಗುರುತಿಗೆ ಪಾಸ್‌ಬುಕ್‌ನಲ್ಲಿ ಫೋಟೋ.

5/5
ಇಳಾ ಭಟ್ 2022ರ ನವೆಂಬರ್ 2ರಂದು ತೀರಿಕೊಂಡರು. ಸೇವಾದಲ್ಲಿ ಇವತ್ತು 20 ಲಕ್ಷಕ್ಕೂ ಹೆಚ್ಚು ಸದಸ್ಯೆಯರು.

ಅವರು ಮೊದಲು ದುಡ್ಡು ಹಂಚಲಿಲ್ಲ, ಒಂದು ಪದದ ಅರ್ಥ ಬದಲಿಸಿದರು: 'ಕಾರ್ಮಿಕ'. ಬೀದಿ ವ್ಯಾಪಾರಿಗಳ ಹಕ್ಕಿಗೆ ದೇಶದಲ್ಲಿ ಕಾಯ್ದೆ ಬಂದದ್ದು 2014ರಲ್ಲಿ. ಆದ್ರೂ ಗಾಡಿ ಎತ್ತಂಗಡಿ ಆದಾಗ ನಾವು 'ಟ್ರಾಫಿಕ್ ಕ್ಲಿಯರ್ ಆಯ್ತು' ಅಂತೀವಿ.

ನಿಮ್ಮ ಕಾಲೇಜ್ ಗೇಟ್ ಎದುರು ಚುರುಮುರಿ ಮಾರೋ ಅಕ್ಕನ ಹೆಸರು ಗೊತ್ತಾ? ಇಲ್ಲ ಅಂದ್ರೆ ನಾಳೆ ಕೇಳಿ.

#ಇಳಾಭಟ್ #ಸೇವಾ #ಇತಿಹಾಸ