ಎರೆಹುಳು ತಂದು ಹೊಲಕ್ಕೆ ಬಿಟ್ಟರೆ ಮಣ್ಣು ಬದುಕುತ್ತದೆಯೇ?

‘ಮನುಷ್ಯ ಇಲ್ಲದಿದ್ದರೆ ಭೂಮಿ ನಳನಳಿಸುತ್ತದೆ, ಎರೆಹುಳು ಇಲ್ಲದಿದ್ದರೆ ಭೂಮಿಯೇ ಸಾಯುತ್ತದೆ’ ಎಂಬ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಬೆನ್ನಿಗೇ ‘ಯೂರಿಯಾ ಬಿಡಿ, ಎರೆಹುಳು ತಂದು ಹೊಲಕ್ಕೆ ಬಿಡಿ’ ಎಂಬ ಸಲಹೆ. ಸಂದೇಶ ಕಳಿಸುವವರಿಗೆ ಖರ್ಚಿಲ್ಲ. ಅದನ್ನು ನಂಬಿ ಹುಲಿಹೈದರದ ಕಡೆಯ ಮಸಾರಿ ಹೊಲದ ರೈತರು ದುಡ್ಡು ಕೊಟ್ಟು ಹುಳು ತಂದರೆ ಖರ್ಚಿದೆ. ಇದರಲ್ಲಿ ನಿಜವೆಷ್ಟು ನೋಡೋಣ.

ಭೂಮಿಯೇ ಸಾಯುತ್ತದೆ ಎಂಬುದು ಅತಿಯಾಯಿತು. ಉತ್ತರ ಅಮೆರಿಕದ ಉತ್ತರ ಭಾಗದಲ್ಲಿ ಹಿಮಯುಗದ ನಂತರ ಸಾವಿರಾರು ವರ್ಷ ಎರೆಹುಳುಗಳೇ ಇರಲಿಲ್ಲ. ಆದರೂ ಕಾಡು ಬೆಳೆದಿತ್ತು. ಯುರೋಪಿನಿಂದ ಜನರ ಜೊತೆ ಬಂದ ಹುಳುಗಳು ತರಗೆಲೆಯ ಹೊದಿಕೆ ತಿಂದು ಆ ಕಾಡಿಗೇ ತೊಂದರೆ ಮಾಡಿವೆ.

ಬೆಳೆಯುವ ಹೊಲದ ಲೆಕ್ಕ ಬೇರೆ. ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ಪುಸ್ತಕವನ್ನು ಬರೆದದ್ದು ಎರೆಹುಳುಗಳ ಬಗ್ಗೆಯೇ, 1881ರಲ್ಲಿ. ಇಂಗ್ಲೆಂಡಿನ ಹಲವೆಡೆ ಎಕರೆಗೆ ವರ್ಷಕ್ಕೆ 10 ಟನ್‌ಗೂ ಹೆಚ್ಚು ಮಣ್ಣು ಹುಳುಗಳ ಹೊಟ್ಟೆಯಿಂದ ಹಾದು ಮೇಲೆ ಬರುತ್ತದೆ ಎಂದು ಅವರು ಅಂದಾಜಿಸಿದ್ದರು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2014ರ ಅಧ್ಯಯನವೊಂದರ ಪ್ರಕಾರ ಎರೆಹುಳು ಇರುವ ಮಣ್ಣಿನಲ್ಲಿ ಇಳುವರಿ ಸರಾಸರಿ ಶೇ. 25 ಹೆಚ್ಚು. ಹೊಲಕ್ಕೆ ಕಸಕಡ್ಡಿ ಹೆಚ್ಚು ಮರಳಿಸಿದಷ್ಟೂ ಲಾಭ ಹೆಚ್ಚು ಎಂಬುದೂ ಅದರಲ್ಲೇ ಇದೆ. ಮಳೆಯಾಶ್ರಿತ ನೆಲಕ್ಕೆ ಇನ್ನೊಂದು ಉಪಕಾರವಿದೆ. ಮಸಾರಿಯ ಮೇಲ್ಪದರ ಮಳೆ ಬಂದು ಒಣಗಿದ ಮೇಲೆ ಗಟ್ಟಿಯಾಗುತ್ತದೆ, ಮುಂದಿನ ಮಳೆ ಹರಿದುಹೋಗುತ್ತದೆ. ಹುಳು ಕೊರೆದ ಬಿಲಗಳಿದ್ದರೆ ಆ ನೀರು ಒಳಗೆ ಇಳಿಯುತ್ತದೆ.

ಹಾಗಿದ್ದರೆ ಹುಳು ತಂದು ಬಿಡುವುದರಲ್ಲಿ ತಪ್ಪೇನು? ಗೊಬ್ಬರ ಮಾಡಲು ಮಾರುವ ಕೆಂಪು ಹುಳು (ಐಸೀನಿಯಾ ಫೆಟಿಡಾ) ಮಣ್ಣಿನಲ್ಲಿ ಬಿಲ ಕೊರೆದು ಬದುಕುವ ಜಾತಿಯಲ್ಲ. ಅದಕ್ಕೆ ಬೇಕಾದದ್ದು ಸದಾ ತೇವವಿರುವ ಸಗಣಿ, ಕೊಳೆತ ಕಸ. ತೊಟ್ಟಿಯಲ್ಲಿ ಗೊಬ್ಬರ ಮಾಡಲು ಅದು ಬಹಳ ಒಳ್ಳೆಯದು. ಬರಿದಾದ ಹೊಲಕ್ಕೆ ಬಿಟ್ಟರೆ ಬಿಸಿಲಿಗೆ ಸಾಯುತ್ತದೆ. ನಮ್ಮ ಮಣ್ಣಿನ ಹುಳುಗಳಾದರೋ ಬೇಸಿಗೆಯಲ್ಲಿ ಆಳಕ್ಕಿಳಿದು, ಸುತ್ತಿಕೊಂಡು ಮಲಗಿ, ಮಳೆ ಬಂದಾಗ ಮೇಲೇಳುತ್ತವೆ. ಅವನ್ನು ಕೊಂಡು ತರಬೇಕಿಲ್ಲ, ಕೊಲ್ಲದಿದ್ದರೆ ಸಾಕು.

ಕೊಲ್ಲುವುದು ಯಾವುದು? ಯೂರಿಯಾ ಬಿದ್ದ ಕೂಡಲೇ ಹುಳುಗಳೆಲ್ಲ ಸಾಯುತ್ತವೆ ಎಂಬುದು ಸರಿಯಲ್ಲ. ಕಾರ್ಬೊಫ್ಯುರಾನ್ ಹರಳು, ಕಾರ್ಬೆಂಡಜಿಮ್ ಪುಡಿಯಂಥವು ಎರೆಹುಳುಗಳಿಗೆ ನಿಜವಾದ ವಿಷ. ಬೆಳೆಯ ಕಸ ಸುಡುವುದೆಂದರೆ ಅವುಗಳ ಊಟವನ್ನೇ ಸುಟ್ಟಂತೆ. ಗಂಗಾವತಿಯ ಕಾಲುವೆ ಭಾಗದ ಕಥೆ ಇನ್ನೂ ಬೇರೆ. ಅಲ್ಲಿ ನೀರು ಹೆಚ್ಚಾಗಿ ಸವಳು-ಜವಳಾದ ಜಮೀನಿದೆ, ಉಪ್ಪೇರಿದ ಮಣ್ಣು ಎರೆಹುಳುವಿಗೆ ಆಗಿಬರುವುದಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಭೂಮಿಯ ಸುಧಾರಣೆಯ ಮೇಲೆಯೇ ಕೆಲಸ ಮಾಡುತ್ತಿದೆ. ಅಂಥ ಹೊಲದಲ್ಲಿ ಬಸಿಗಾಲುವೆ ಮೊದಲು, ಹುಳುವಿನ ಮಾತು ಆಮೇಲೆ.

ಅಂದಹಾಗೆ, ಎರೆಹುಳುವನ್ನು ಎರಡು ತುಂಡು ಮಾಡಿದರೆ ಎರಡು ಹುಳುವಾಗುತ್ತದೆ ಎಂಬ ಹಳೆಯ ಮಾತೂ ತಪ್ಪು. ಸಾಮಾನ್ಯವಾಗಿ ತಲೆಯ ಕಡೆಯ ತುಂಡು ಸಾಕಷ್ಟು ಉದ್ದವಿದ್ದರೆ ಬದುಕಿ ಬಾಲ ಬೆಳೆಸಿಕೊಳ್ಳಬಹುದು. ಬಾಲದ ತುಂಡು ಸ್ವಲ್ಪ ಹೊತ್ತು ಒದ್ದಾಡಿ ಸಾಯುತ್ತದೆ. ಹಾಗಾಗಿ ರೋಟವೇಟರ್ ಹೊಡೆದರೆ ಹುಳು ದುಪ್ಪಟ್ಟಾಗುವುದಿಲ್ಲ.

ನಿಮ್ಮ ಹೊಲದಲ್ಲಿ ಹುಳು ಇವೆಯೋ ಇಲ್ಲವೋ ನೋಡಲು ಹದವಾದ ಮಳೆ ಬಿದ್ದ ಎರಡು ಮೂರು ದಿನಕ್ಕೆ ಬೆಳಿಗ್ಗೆ ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮಣ್ಣನ್ನು ಗೋಣಿಚೀಲದ ಮೇಲೆ ಹರಡಿ ಎಣಿಸಿ. ಬದುವಿನ ಮರದ ಕೆಳಗೂ ಇನ್ನೊಂದು ಗುಂಡಿ ತೆಗೆಯಿರಿ. ಅಲ್ಲಿ ಹುಳು ಸಿಕ್ಕು ಹೊಲದ ನಡುವೆ ಸಿಗದಿದ್ದರೆ ಬಿತ್ತಿದ ಸಜ್ಜೆ, ತೊಗರಿಯ ಕಸವನ್ನು ಈ ವರ್ಷ ಸುಡದೆ ಅಲ್ಲೇ ಬಿಟ್ಟು, ಮುಂದಿನ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಎಣಿಸಿ.